ಖಗೋಳವಿಜ್ಞಾನಿಗಳ ಸಮ್ಮೇಳನಗಳೂ ಕನ್ನಡ ವಿದ್ಯಾರ್ಥಿಯೂ

ಕೆಲವು ತಿಂಗಳುಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮುಗಿದು, ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷ ಉಳಿದಿತ್ತು. ಆ ಬಿಡುವಿನಲ್ಲಿ ಖಗೋಳವಿಜ್ಞಾನಿಗಳ ಸಮ್ಮೇಳನಗಳನ್ನು ಕುರಿತು ನಾಲ್ಕು ಮಾತು ಹೇಳಿದೆನು. ವಿಶ್ವಕಿರಣಗಳ ಅಂತರರಾಷ್ಟ್ರೀಯ ಸಮ್ಮೇಳನವು 2025ರ ಜುಲೈ ತಿಂಗಳಲ್ಲಿ ಜಿನೀವಾ ನಗರದಲ್ಲಿ ನೆರವೇರಿತೆಂದೂ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮಹಾಸಭೆಯು 2027ರಲ್ಲಿ ರೋಮ್ ನಗರದಲ್ಲಿ ಸೇರಲಿದೆಯೆಂದೂ, ಅಲ್ಲಿ ನಾನಾ ದೇಶಗಳ ವಿದ್ವಾಂಸರು ನಕ್ಷತ್ರಗಳ ಹುಟ್ಟು ಸಾವುಗಳನ್ನೂ ಗ್ಯಾಲಕ್ಸಿಗಳ ಬೆಳವಣಿಗೆಯನ್ನೂ ಕುರಿತು ಚರ್ಚಿಸುವರೆಂದೂ ತಿಳಿಸಿದೆನು. ಆಗ ಹಿಂದಿನ ಬೆಂಚಿನ ಬಾಲಿಕೆಯೊಬ್ಬಳು ಎದ್ದು ನಿಂತು, "ಸರ್, ಅಲ್ಲಿ ನಮ್ಮಂಥಾವ್ರನ್ನ ಒಳಗ ಬಿಡ್ತಾರೇನ್ರಿ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಯಾಕ ಬಿಡೂದಿಲ್ಲವ್ವಾ?" ಎಂದೆ. ಅಷ್ಟರಲ್ಲಿ ಗಂಟೆಯಾಯಿತು.

ಆ ದಿನ ನಾನು ನಕ್ಕದ್ದು ತಪ್ಪೆಂದು ಈಗ ತೋರುತ್ತದೆ. "ನಮ್ಮಂಥವರು" ಎಂದರೆ ಯಾರು? ವಿಜಯಪುರ, ಬಾಗಲಕೋಟೆ, ಕಲಬುರ್ಗಿಗಳ ಕಡೆಯಿಂದ ಹೊಟ್ಟೆಯ ಪಾಡಿಗಾಗಿ ಈ ನಿಗಡಿ, ಆಕುರ್ಡಿ, ಚಿಂಚವಾಡಗಳಿಗೆ ಬಂದು ನೆಲೆಸಿದವರ ಮಕ್ಕಳು, ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವವರು, "ಕನ್ನಡ ಶಾಲೆಯಲ್ಲಿ ಕಲಿತು ಮುಂದೆ ಏನಾಗುವಿರಿ?" ಎಂಬ ಮಾತನ್ನು ಮೇಲಿಂದ ಮೇಲೆ ಕೇಳಿದವರು. ಆ ಬಾಲಿಕೆ ಕೇಳಿದ್ದು ರೋಮ್ ನಗರದ ಬಾಗಿಲನ್ನಲ್ಲ, ತನ್ನ ಮುಂದಿನ ಬಾಳನ್ನು. ಅಂದು ಕೊಡದೆ ಉಳಿದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಅವಳಿಗೂ ನಿಮ್ಮೆಲ್ಲರಿಗೂ ಕೊಡಲು ಯತ್ನಿಸುವೆನು.

ಮೊದಲಿಗೆ, ಈ ಸಮ್ಮೇಳನಗಳಲ್ಲಿ ನಡೆಯುವುದಾದರೂ ಏನು ಎಂಬುದನ್ನು ನೋಡೋಣ. 1912ರಲ್ಲಿ ವಿಕ್ಟರ್ ಹೆಸ್ ಎಂಬ ಆಸ್ಟ್ರಿಯ ದೇಶದ ವಿಜ್ಞಾನಿಯು ಬೆಲೂನಿನಲ್ಲಿ ಕುಳಿತು ಐದು ಸಾವಿರ ಮೀಟರುಗಳಿಗೂ ಮೇಲಕ್ಕೆ ಏರಿ ಹೋದನು. ಮೇಲೇರಿದಂತೆ ವಿಕಿರಣವು ಕಡಿಮೆಯಾಗುವುದರ ಬದಲು ಹೆಚ್ಚಾಗುವುದನ್ನು ಆತನ ಉಪಕರಣಗಳು ತೋರಿಸಿದವು. ಈ ವಿಕಿರಣದ ಮೂಲವು ನೆಲದಲ್ಲಿಲ್ಲ, ಆಕಾಶದಾಚೆ ಇದೆ ಎಂಬುದು ಹೀಗೆ ತಿಳಿಯಿತು. ಇವೇ ವಿಶ್ವಕಿರಣಗಳು. 1991ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಗುರುತಿಸಲ್ಪಟ್ಟ ಒಂದು ಕಣದ ಶಕ್ತಿಯು ಸುಮಾರು 50 ಜೂಲುಗಳಷ್ಟಿತ್ತು. ಗಂಟೆಗೆ 90 ಕಿಲೋಮೀಟರ್ ವೇಗದಿಂದ ಬರುವ ಕ್ರಿಕೆಟ್ ಚೆಂಡಿನಲ್ಲಿ ಇರುವಷ್ಟು ಶಕ್ತಿಯು ಪರಮಾಣುವಿಗಿಂತಲೂ ಕಿರಿದಾದ ಒಂದೇ ಕಣದಲ್ಲಿ ಅಡಗಿತ್ತೆಂದರೆ ಬೆರಗಾಗದವರು ಯಾರು? ಅದು ಎಲ್ಲಿಂದ ಹೊರಟಿತು, ಅದಕ್ಕೆ ಅಷ್ಟು ಬಲ ಕೊಟ್ಟವರಾರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಇಂಥ ಪ್ರಶ್ನೆಗಳನ್ನು ವಿಚಾರಿಸುವ ಶಾಸ್ತ್ರಕ್ಕೆ ಉಚ್ಚಶಕ್ತಿ ಖಭೌತವಿಜ್ಞಾನವೆಂದು ಹೆಸರು.

ಈ ವಿಷಯವನ್ನು ಕುರಿತ ಸಮ್ಮೇಳನವು ಎರಡು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ಸೇರುವ ರೂಢಿಯಿದೆ. ಅದು ದೂರದ ಸೀಮೆಗಳಲ್ಲಿ ಮಾತ್ರ ನಡೆಯತಕ್ಕದ್ದೆಂದು ನೀವು ತಿಳಿಯಬಾರದು. 1963ರಲ್ಲಿ ಅದು ಜಯಪುರದಲ್ಲಿ ನಡೆಯಿತು. 1983ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆಯಿತು. 2005ರ ಆಗಸ್ಟ್ ತಿಂಗಳಿನಲ್ಲಿ ಇದೇ ಪುಣೆಯಲ್ಲಿ ನಡೆಯಿತು. ಅರ್ಜೆಂಟೀನ ದೇಶದ ಬಯಲಿನಲ್ಲಿ ಮೂರು ಸಾವಿರ ಚದರ ಕಿಲೋಮೀಟರುಗಳಷ್ಟು ನೆಲದ ಮೇಲೆ ನೀರಿನ ತೊಟ್ಟಿಗಳನ್ನು ಸಾಲಾಗಿ ಇರಿಸಿ, ಅತ್ಯಂತ ಪ್ರಬಲವಾದ ವಿಶ್ವಕಿರಣಗಳನ್ನು ಗುರುತಿಸುವ ಪಿಯರ್ ಓಜೆ ವೀಕ್ಷಣಾಲಯವನ್ನು ಕಟ್ಟಲಾಗಿದೆ. ಆ ವೀಕ್ಷಣಾಲಯದವರು ತಮ್ಮ ಮೊದಲ ಅಳತೆಗಳ ಫಲವನ್ನು ಲೋಕದ ಮುಂದಿಟ್ಟದ್ದು ಈ ಪುಣೆಯ ಸಮ್ಮೇಳನದಲ್ಲಿ. ನಿಮ್ಮ ತಂದೆತಾಯಿಯರಲ್ಲಿ ಎಷ್ಟೋ ಜನರು ಆ ದಿನಗಳಲ್ಲಿ ಇದೇ ನಗರದಲ್ಲಿ ದುಡಿಯುತ್ತಿದ್ದಿರಬೇಕು. ಸುದ್ದಿ ನಮ್ಮ ಮನೆಗಳವರೆಗೆ ಬರಲಿಲ್ಲ, ಅಷ್ಟೇ.

ಇನ್ನು ಈ ವಿದ್ಯೆಗೂ ಕನ್ನಡ ನಾಡಿಗೂ ಇರುವ ನಂಟನ್ನು ಕೇಳಿರಿ. ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿ, ಕೋಲಾರದ ಚಿನ್ನದ ಗಣಿಗಳ ಆಳಕ್ಕೆ ಇಳಿದು ವಿಶ್ವಕಿರಣಗಳನ್ನು ಅಳೆದರು. ಆಕಾಶದ ವಸ್ತುವನ್ನು ಪಾತಾಳದಲ್ಲಿ ಹುಡುಕುವುದೇ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ಮೇಲಿನ ಬಂಡೆಯು ಇತರ ಕಣಗಳನ್ನು ತಡೆದುಬಿಡುತ್ತದೆ; ಯಾವ ತಡೆಗೂ ಜಗ್ಗದ ನ್ಯೂಟ್ರಿನೋ ಎಂಬ ಕಣವು ಮಾತ್ರ ನಿರಾತಂಕವಾಗಿ ಕೆಳಗಿಳಿಯುತ್ತದೆ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಇಂಥ ನ್ಯೂಟ್ರಿನೋಗಳ ಗುರುತು ಎರಡು ಕಿಲೋಮೀಟರುಗಳಿಗೂ ಹೆಚ್ಚಿನ ಆಳದಲ್ಲಿ, ಕೋಲಾರದ ಗಣಿಯೊಳಗೆ, 1965ರಲ್ಲಿ ದೊರೆಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದೇ ವರ್ಷ ದೊರೆಯಿತು. ಕೋಲಾರದ ಗಣಿಯು 2001ರಲ್ಲಿ ಮುಚ್ಚಿಹೋದರೂ ಈ ಕೀರ್ತಿಯು ಮುಚ್ಚಿಹೋಗಲಿಲ್ಲ. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಬೆಂಗಳೂರಿನ ಸಮ್ಮೇಳನ ನಡೆದದ್ದು ಅವರು ಆ ಸ್ಥಾನದಲ್ಲಿದ್ದಾಗಲೇ.

ಇದು ವಿಶ್ವಕಿರಣಗಳ ಮಾತಾಯಿತು. ಗ್ಯಾಲಕ್ಸಿಗಳ ವಿಚಾರಕ್ಕೆ ನಾವು ಇನ್ನೂ ಹತ್ತಿರದವರು. ಪುಣೆಯಿಂದ ನಾಸಿಕದ ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾವ್ ಸಿಗುತ್ತದೆ. ಅದರ ಬಳಿಯ ಖೋಡದ ಎಂಬ ಹಳ್ಳಿಯ ಸುತ್ತಮುತ್ತ, ಒಂದೊಂದೂ 45 ಮೀಟರ್ ಅಗಲದ 30 ತಟ್ಟೆಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಕಟ್ಟಿದ ಈ ರೇಡಿಯೋ ದೂರದರ್ಶಕವು ಕಣ್ಣಿಗೆ ಕಾಣುವ ಬೆಳಕನ್ನು ನೋಡುವುದಿಲ್ಲ. ಆಕಾಶದಿಂದ ಬರುವ ರೇಡಿಯೋ ಅಲೆಗಳಿಗೆ ಕಿವಿಗೊಡುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ, ದೇಶವಿದೇಶಗಳ ವಿದ್ವಾಂಸರು ಬಳಸಲು ಹಂಬಲಿಸುವ ಈ ಯಂತ್ರವನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ಅಲ್ಲಿ ನಡೆದ ಒಂದು ಕಾರ್ಯವನ್ನು ಹೇಳುವೆನು. ನಕ್ಷತ್ರಗಳು ಹುಟ್ಟಬೇಕಾದರೆ ಹೈಡ್ರೋಜನ್ ಅನಿಲ ಬೇಕು. ನಮ್ಮ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಇಡುವಂತೆ ಪ್ರತಿಯೊಂದು ಗ್ಯಾಲಕ್ಸಿಯೂ ಈ ಅನಿಲವನ್ನು ತನ್ನೊಳಗೆ ಕೂಡಿಟ್ಟುಕೊಂಡಿರುತ್ತದೆ. ಹಿಂದೆ ಬಹಳ ಬಿರುಸಿನಿಂದ ನಕ್ಷತ್ರಗಳನ್ನು ಹೆತ್ತ ಗ್ಯಾಲಕ್ಸಿಗಳು ಬರಬರುತ್ತಾ ಮಂದವಾದದ್ದೇಕೆ ಎಂಬುದು ವಿದ್ವಾಂಸರನ್ನು ಬಹುಕಾಲ ಕಾಡಿದ ಪ್ರಶ್ನೆ. ಎಂಟುನೂರು ಕೋಟಿ ವರ್ಷಗಳ ಹಿಂದಿನ ಗ್ಯಾಲಕ್ಸಿಗಳಲ್ಲಿ ಎಷ್ಟು ಅನಿಲವಿತ್ತೆಂಬುದನ್ನು ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತವಿಜ್ಞಾನ ಕೇಂದ್ರದವರೂ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರೂ ಕೂಡಿ ಖೋಡದದ ಯಂತ್ರದಿಂದ ಅಳೆದು 2020ರಲ್ಲಿ ಪ್ರಕಟಿಸಿದರು. ಆ ಕಾಲದ ಗ್ಯಾಲಕ್ಸಿಗಳು ಅನಿಲವನ್ನು ಖರ್ಚು ಮಾಡುತ್ತಿದ್ದ ರೀತಿಯನ್ನು ನೋಡಿದರೆ, ಅವುಗಳ ಹಗೇವು ನೂರು ಇನ್ನೂರು ಕೋಟಿ ವರ್ಷಗಳಲ್ಲಿಯೇ ಬರಿದಾಗತಕ್ಕದ್ದಾಗಿತ್ತು. ಹೊಸದಾಗಿ ಅನಿಲವು ಸಾಕಷ್ಟು ಬಂದು ಸೇರದಿದ್ದರೆ ಹೆರಿಗೆ ಕುಗ್ಗುವುದು ಸಹಜವಲ್ಲವೆ?

ಇದನ್ನು ಅಳೆದ ಬಗೆಯು ಉತ್ತರಕ್ಕಿಂತಲೂ ಸ್ವಾರಸ್ಯವಾದುದು. ಅಷ್ಟು ದೂರದ ಒಂದು ಗ್ಯಾಲಕ್ಸಿಯ ದನಿ ಎಷ್ಟು ಕ್ಷೀಣವೆಂದರೆ, ಅದೊಂದನ್ನೇ ಆಲಿಸಿದರೆ ಏನೂ ಕೇಳಿಸದು. ಆದುದರಿಂದ 7,653 ಗ್ಯಾಲಕ್ಸಿಗಳ ಕ್ಷೀಣ ದನಿಗಳನ್ನು ಒಂದರ ಮೇಲೊಂದು ಕೂಡಿಸಿದರು. ಆಗ ದನಿ ಸ್ಪಷ್ಟವಾಯಿತು. ನಮ್ಮ ಶಾಲೆಯ ಒಬ್ಬ ಹುಡುಗನ ಪಿಸುಮಾತು ಗೇಟಿನಾಚೆ ಕೇಳಿಸುವುದಿಲ್ಲ; ಎಲ್ಲರೂ ಕೂಡಿ ಪ್ರಾರ್ಥನೆ ಹೇಳಿದರೆ ಬೀದಿಯವರೆಲ್ಲ ಕೇಳುತ್ತಾರೆ. ಇದೂ ಹಾಗೆಯೇ.

ಇಷ್ಟೆಲ್ಲ ಹೇಳಿದ್ದೇಕೆಂದರೆ, ಸಮ್ಮೇಳನವೆಂಬುದು ಎಲ್ಲ ಬಲ್ಲವರ ದರ್ಬಾರಲ್ಲ. ತಿಳಿದದ್ದನ್ನು ಇತರರ ಮುಂದಿಟ್ಟು, ತಪ್ಪಿದ್ದರೆ ತಿದ್ದಿಸಿಕೊಂಡು, ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವ ಸ್ಥಾನವದು. ಅಲ್ಲಿ ಬೇಕಾದ ಮೊದಲ ಬಂಡವಾಳವೆಂದರೆ ಪ್ರಶ್ನೆ. ಪ್ರಶ್ನೆಯು ಹುಟ್ಟುವುದು ನಾವು ಯೋಚಿಸುವ ಭಾಷೆಯಲ್ಲಿ. ನಿಮಗೆ ಆ ಭಾಷೆ ಕನ್ನಡ.

ಹಾಗಾದರೆ ಇಂಗ್ಲಿಷು ಬೇಡವೇ? ಖಂಡಿತವಾಗಿಯೂ ಬೇಕು. ಈ ವಿಷಯದಲ್ಲಿ ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಏಕೆಂದರೆ ಪೆಟ್ಟು ತಿಂದವನು ನಾನು. ಕನ್ನಡದಲ್ಲಿ ಮೆಟ್ರಿಕ್ ಮುಗಿಸಿ ವಿಜ್ಞಾನ ಓದುವ ಹಂಬಲದಿಂದ ಕಾಲೇಜು ಸೇರಿದ್ದೆನು. ಮೊದಲ ವಾರದಲ್ಲಿಯೇ ಅಧ್ಯಾಪಕರು ನನ್ನನ್ನು ಎಬ್ಬಿಸಿ, "ಇನರ್ಷಿಯ ಎಂದರೇನು?" ಎಂದು ಕೇಳಿದರು. ಬಾಯಿ ಕಟ್ಟಿತು; ತಲೆ ತಗ್ಗಿಸಿ ನಿಂತೆನು. ಅದು ಜಡತ್ವವೆಂದು ಆಮೇಲೆ ತಿಳಿಯಿತು. ಜಡತ್ವವನ್ನು ನಾನು ಚೆನ್ನಾಗಿ ಬಲ್ಲೆ. ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ಣ ಅಂಕ ಪಡೆದವನು. ಬಲ್ಲ ವಸ್ತುವಿನ ಬೇರೊಂದು ಹೆಸರನ್ನು ಕೇಳಿ ಸೋತೆನು. ಎರಡು ತಿಂಗಳಲ್ಲಿ ವಿಜ್ಞಾನವನ್ನು ಬಿಟ್ಟು ಕಲಾವಿಭಾಗಕ್ಕೆ ಹೋದೆನು. ಕನ್ನಡ ಕಲಿಸುವ ಈ ವೃತ್ತಿಯಲ್ಲಿ ನನಗೆ ಕೊರತೆಯಿಲ್ಲ. ಆದರೂ ಚಳಿಗಾಲದ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ನಿಂತು ಮಹಾವ್ಯಾಧ ನಕ್ಷತ್ರಪುಂಜವನ್ನು ನೋಡುವಾಗ, ಒಂದು ಶಬ್ದಕ್ಕೆ ಹೆದರಿ ಒಂದು ವಿದ್ಯೆಯನ್ನೇ ಕಳೆದುಕೊಂಡೆನಲ್ಲಾ ಎಂಬ ವ್ಯಥೆಯಾಗುತ್ತದೆ. ಅದಕ್ಕೆ ಕನ್ನಡ ಕಾರಣವಲ್ಲ, ಇಂಗ್ಲಿಷೂ ಕಾರಣವಲ್ಲ. ಎರಡು ಹೆಸರುಗಳ ಹಿಂದೆ ಇರುವ ವಸ್ತು ಒಂದೇ ಎಂದು ಮುಂಚಿತವಾಗಿ ಯಾರೂ ಹೇಳಿರಲಿಲ್ಲ. ಕೇಳಿ ತಿಳಿಯುವ ಧೈರ್ಯ ನನಗೂ ಇರಲಿಲ್ಲ.

ನಿಮಗೆ ಹಾಗಾಗಬಾರದು. ಆದುದರಿಂದ ಎಂಟನೆಯ ತರಗತಿಯಿಂದಲೇ ಪ್ರತಿಯೊಬ್ಬರೂ ಒಂದು ನೋಟುಪುಸ್ತಕವನ್ನು ಇಟ್ಟುಕೊಂಡು, ಎಡಗಡೆ ಕನ್ನಡ ಶಬ್ದವನ್ನೂ ಬಲಗಡೆ ಇಂಗ್ಲಿಷ್ ಶಬ್ದವನ್ನೂ ಬರೆಯಿರಿ. ಜಡತ್ವ, ಇನರ್ಷಿಯ, ಗುರುತ್ವ, ಗ್ರಾವಿಟಿ, ಆವೃತ್ತಿ, ಫ್ರೀಕ್ವೆನ್ಸಿ. ದಿನಕ್ಕೆ ಎರಡು ಶಬ್ದ ಸಾಕು. ಅರ್ಥವು ಕನ್ನಡದಲ್ಲಿ ಬೇರೂರಲಿ, ಹೆಸರು ಎರಡರಲ್ಲಿಯೂ ಬಾಯಿಗೆ ಬರಲಿ. ಜೂನಿಯರ್ ಕಾಲೇಜಿನ ಹೊಸ್ತಿಲಲ್ಲಿ ಇದಕ್ಕಿಂತ ದೊಡ್ಡ ಸಹಾಯ ಮತ್ತೊಂದಿಲ್ಲ. ಗಣಿತವನ್ನಂತೂ ಯಾವ ಭಾಷೆಯಲ್ಲಿ ಕಲಿತರೂ ಅದು ಎಲ್ಲೆಡೆ ಸಲ್ಲುವ ನಾಣ್ಯ, ಅದನ್ನು ಬಿಡಬೇಡಿರಿ.

ಎರಡನೆಯದು, ಪ್ರಶ್ನೆ ಕೇಳುವ ಅಭ್ಯಾಸ. ಕೊಲ್ಹಾಪುರದಲ್ಲಿ ಜನಿಸಿ, 1988ರಲ್ಲಿ ಪುಣೆಯ ಐಯುಕಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಜಯಂತ ನಾರಳೀಕರ್ ಅವರು 2025ರ ಮೇ ತಿಂಗಳಲ್ಲಿ ತೀರಿಕೊಂಡರು. ವಿಶ್ವದ ರಚನೆಯನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧಗಳನ್ನು ಬರೆದ ಆ ಮಹನೀಯರು, ಕತೆಗಳನ್ನೂ ಆತ್ಮಕಥೆಯನ್ನೂ ಮರಾಠಿಯಲ್ಲಿ ಬರೆದರು. ಆ ಆತ್ಮಕಥೆಗೆ 2014ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಹಸ್ತಾಕ್ಷರ ಬೇಡಿ ಮುತ್ತುತ್ತಿದ್ದ ಮಕ್ಕಳಿಗೆ ಅವರು, "ಅಂಚೆಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳುಹಿಸಿ, ಉತ್ತರ ಬರೆದು ಸಹಿ ಹಾಕುವೆನು" ಎನ್ನುತ್ತಿದ್ದರಂತೆ. ಸಹಿಗೆ ಬೆಲೆ ಪ್ರಶ್ನೆ! ಇದಕ್ಕಿಂತ ಒಳ್ಳೆಯ ವ್ಯಾಪಾರವನ್ನು ನಾನು ಕಂಡಿಲ್ಲ.

ನಮ್ಮ ಶಾಲೆಯಲ್ಲಿಯೂ ಇಂಥದೊಂದು ಪದ್ಧತಿ ಆರಂಭವಾಗಬೇಕೆಂಬುದು ನನ್ನ ಸಲಹೆ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆ ಸಮಯದಲ್ಲಿ ಖೋಡದದಲ್ಲಿ ವಿಜ್ಞಾನ ಪ್ರದರ್ಶನ ನಡೆಯುವುದುಂಟು. ಸುತ್ತಣ ಹಳ್ಳಿಗಳ ಶಾಲಾ ಮಕ್ಕಳು ತಾವು ಮಾಡಿದ ಮಾದರಿಗಳನ್ನು ತಂದಿಡುತ್ತಾರೆ. ಅದಕ್ಕೆ ಮುಂಚೆ ನಮ್ಮಲ್ಲಿ ಒಂದು ಪ್ರಶ್ನಗೋಷ್ಠಿ ಕೂಡಲಿ. ಪ್ರತಿಯೊಬ್ಬರೂ ಆಕಾಶವನ್ನು ಕುರಿತು ಒಂದೊಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಲಿ. ಮೇಲಿನ ತರಗತಿಯವರು ಅವನ್ನು ಮರಾಠಿಗೂ ಇಂಗ್ಲಿಷಿಗೂ ತಿರುಗಿಸಲಿ. ಖೋಡದಕ್ಕೆ ಕೊಂಡೊಯ್ದು ಕೇಳಿ, ಬಂದ ಉತ್ತರಗಳನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕೋಣ. 2005ರಲ್ಲಿ ನಮ್ಮ ಮನೆಗಳವರೆಗೆ ಬಾರದ ಸುದ್ದಿಯನ್ನು ಇನ್ನು ಮುಂದೆ ನಾವೇ ಹೋಗಿ ತರಬೇಕು. ಈ ಕೆಲಸದಲ್ಲಿ ತಪ್ಪುವ ಶಿಕ್ಷಕರನ್ನು, ನನ್ನನ್ನೂ ಸೇರಿಸಿ, ನೀವು ಎಚ್ಚರಿಸಬಹುದು.

ಗುರುತ್ವದ ಅಲೆಗಳನ್ನು ಹಿಡಿಯುವ ದೊಡ್ಡ ವೀಕ್ಷಣಾಲಯವೊಂದನ್ನು ಇದೇ ರಾಜ್ಯದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸರಕಾರವು 2023ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಕೆಲಸಕ್ಕೆ ಸಿದ್ಧವಾಗುವ ವೇಳೆಗೆ ನಿಮ್ಮಲ್ಲಿ ಹಲವರು ಕಾಲೇಜನ್ನು ದಾಟಿರುತ್ತೀರಿ. ಅಲ್ಲಿ ದುಡಿಯಬೇಕಾದವರು ಇಂದು ಯಾವುದೋ ಶಾಲೆಯ ಯಾವುದೋ ಬೆಂಚಿನ ಮೇಲೆ ಕುಳಿತಿದ್ದಾರೆ. ಅದು ನಮ್ಮ ಶಾಲೆಯ ಹಿಂದಿನ ಬೆಂಚು ಏಕಾಗಬಾರದು?

ಮಗಳೇ, ಈಗ ನಿನಗೆ ಉತ್ತರ ಹೇಳುವೆನು. ಬಿಡುತ್ತಾರೆ. ಇಂದೇ ಅಲ್ಲ, ಅನೇಕ ವರ್ಷಗಳ ಓದು, ಗಣಿತದ ಶ್ರಮ, ಎರಡು ಭಾಷೆಗಳ ಹಿಡಿತ, ಇವೆಲ್ಲ ಆದ ಮೇಲೆ. ಬಾಗಿಲಲ್ಲಿ ನಿನ್ನನ್ನು ಕೇಳುವುದು ನೀನು ಯಾವ ಶಾಲೆಯಿಂದ ಬಂದೆ ಎಂದಲ್ಲ, ಏನನ್ನು ಕಂಡು ತಂದೆ ಎಂದು. ಅಂದು ಇಡೀ ತರಗತಿ ನಕ್ಕರೂ ನೀನು ಎದ್ದು ನಿಂತು ಕೇಳಿದೆಯಲ್ಲ, ಆ ಧೈರ್ಯ ನಿನ್ನ ವಯಸ್ಸಿನಲ್ಲಿ ನನಗಿರಲಿಲ್ಲ. ಅದನ್ನು ಮಾತ್ರ ಬಿಡಬೇಡ.