ಮೀಟರ್ ಮೇಲೆ ಒಂದೂವರೆ ಕೇಳುವವರಿಗೆ

ಬೆಂಗಳೂರಿನ ರಾಕ್ ತಂಡ ಥರ್ಮಲ್ ಅಂಡ್ ಎ ಕ್ವಾರ್ಟರ್‌ನ ಆಲ್ಬಂ ‘ದ ಸೀನ್’ ಬಂದದ್ದು 2015ರಲ್ಲಿ, ‘ಎ ವರ್ಲ್ಡ್ ಗಾನ್ ಮ್ಯಾಡ್’ 2020ರಲ್ಲಿ. ಈ ಐದು ವರ್ಷದ ಬಿಡುವನ್ನೇ ಹಿಡಿದು ಮಾರತ್ತಹಳ್ಳಿಯ ನನ್ನ ಗೆಳೆಯರು ಇವತ್ತಿಗೂ ಜಗಳ ತೆಗೆಯುತ್ತಾರೆ.

‘ಸರಕು ಮುಗಿದಿತ್ತು, ಹಳೇ ಹೆಸರಲ್ಲಿ ಮತ್ತೆ ಬಂದರು’ ಅನ್ನುವುದು ಮೊದಲ ತಕರಾರು. ಸ್ವಾಮಿ, ಲೆಕ್ಕ ನೋಡಿ. 1996ರಲ್ಲಿ ಹುಟ್ಟಿದ ತಂಡದ ಆಲ್ಬಂಗಳು ಬಂದದ್ದು 2000, 2002, 2005, 2008, 2012, 2015ರಲ್ಲಿ. ಇವರ ನಡಿಗೆಯೇ ನಿಧಾನ. ಬೆನ್ನಿಗೆ ಸಿನಿಮಾ ಇಲ್ಲ. ಗಿಟಾರ್ ನುಡಿಸಿ ಹಾಡುವ ಬ್ರೂಸ್ ಲೀ ಮಣಿ ಪಾಠವನ್ನೂ ಹೇಳುತ್ತಾರೆ. ತಂಡ ಕಟ್ಟಿದ ಟಾಕಾಡೆಮಿ ಎಂಬ ಸಂಗೀತ ಶಾಲೆಯೇ ಇದೆ.

‘ಈ ವಯಸ್ಸಿನಲ್ಲಿ ರಾಕ್ ಯಾಕೆ?’ 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಾಗ ಅವರಿಗಿಂತ ಮೊದಲು ವೇದಿಕೆ ಹತ್ತಿದವರು ಇವರೇ. 1968ರ ಆ ತಂಡದ ವಯಸ್ಸನ್ನು ಆಗ ಯಾರೂ ಕೇಳಲಿಲ್ಲ. ಬಿಳಿಯರಿಗೊಂದು ನ್ಯಾಯ, ನಮ್ಮವರಿಗೊಂದೇ?

ನಿಜವಾಗಿ ಚುಚ್ಚುವುದು ಮೂರನೆಯದು: ‘ಇಂಗ್ಲಿಷಿನಲ್ಲಿ ಹಾಡುವವರು ನಮ್ಮೂರವರು ಹೇಗಾದಾರು?’ ಈ ಸಿಟ್ಟಿಗೆ ಕಾರಣವಿದೆ, ಅಲ್ಲಗಳೆಯುವುದಿಲ್ಲ. ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂರಿಸಿದ ರಘು ದೀಕ್ಷಿತ್ ಸಾವಿರಾರು ಜನರಿಂದ ಕನ್ನಡ ಹಾಡಿಸಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಹಲಸೂರು, ಶಿವಾಜಿನಗರದ ಕಡೆ ಕಂಟೋನ್ಮೆಂಟ್ ಎದ್ದದ್ದು 1809ರಲ್ಲಿ. ಅಲ್ಲಿಂದೀಚೆಗೆ ಈ ಪೂರ್ವ ದಿಕ್ಕಿನಲ್ಲಿ ಕನ್ನಡ, ತಮಿಳು, ಉರ್ದುವಿನ ಪಕ್ಕದಲ್ಲಿ ಇಂಗ್ಲಿಷೂ ಮನೆ ಮಾಡಿಕೊಂಡಿದೆ. 2012ರ ಆಲ್ಬಂ ‘3 ವೀಲ್ಸ್ 9 ಲೈವ್ಸ್’ನಲ್ಲಿ ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಹಾಡಿದೆ. ರಾತ್ರಿ ಹತ್ತಕ್ಕೆ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಆಟೋಗೆ ಕೈ ಅಡ್ಡ ಹಿಡಿದವನಿಗಲ್ಲದೆ ಆ ಶೀರ್ಷಿಕೆ ಇನ್ನಾರಿಗೆ ಹೊಳೆಯಬೇಕು? ಲಂಡನ್ನಿನವನಿಗೇ?

‘ಈಗ ಇಡೀ ಆಲ್ಬಂ ಯಾರು ಕೇಳ್ತಾರೆ?’ ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿಗೆ ಹೊರಡಿ. ಆಲ್ಬಂ ಮುಗಿದಿರುತ್ತದೆ, ನೀವಿನ್ನೂ ದಾರಿಯಲ್ಲೇ ಇರುತ್ತೀರಿ. ಇಂಟರ್‌ನೆಟ್ ಕಾಲ ಇವರಿಗೆ ತಿಳಿಯದು ಎಂಬ ಮಾತಂತೂ ಬೇಡ. 2000ದ ಮೊದಲ ಆಲ್ಬಮ್ಮಿಗೆ ಇಟ್ಟ ಹೆಸರೇ ತಂಡದ ಜಾಲತಾಣದ ವಿಳಾಸ.

‘ಗಿಟಾರ್ ವಿಪರೀತ ಸುತ್ತಿ ಬಳಸುತ್ತದೆ, ಜಾಝ್ ಜಾಸ್ತಿ.’ ಹೌದು. ಕೆಲವು ಕಡೆ ನನಗೂ ಸಾಕು ಅನ್ನಿಸಿದೆ. ಆದರೆ ಇದು 2020ರ ದೂರಲ್ಲ. 2002ರ ಆಲ್ಬಂ ‘ಜ್ಯೂಪಿಟರ್ ಕೆಫೆ’ ಕಾಲದಿಂದ ಇವರು ನುಡಿಸುವುದು ಹೀಗೇ.