ಯಾರ ಆಳು?

ನಮ್ಮ ಕಡೆ ಹುಡುಗನಿಗೆ ಕೆಲಸ ಸಿಕ್ಕಿತೆಂದರೆ ಹಿರಿಯರು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಕೆಲಸ ಎಲ್ಲಿ, ಸಂಬಳವೆಷ್ಟು. ಈಚಿನ ವರ್ಷಗಳಲ್ಲಿ ಇವೆರಡನ್ನೂ ಹಿಂದಕ್ಕೆ ತಳ್ಳಿ ಮೂರನೆಯದೊಂದು ಮುಂದೆ ಬಂದು ಕುಳಿತಿದೆ: "ಕಂಪನಿಯವನೋ, ಕಂಟ್ರಾಕ್ಟಿನವನೋ?" ಮರಳೂರಿನಲ್ಲಿ ಹೆಣ್ಣಿನ ಕಡೆಯವರು ಜಾತಕವನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲೇ ಇದನ್ನು ವಿಚಾರಿಸುವುದನ್ನು ನಾನು ಕೇಳಿದ್ದೇನೆ. ಉತ್ತರ ಎರಡನೆಯದಾದರೆ ಮಾತು ಅಲ್ಲಿಗೇ ತಣ್ಣಗಾಗುತ್ತದೆ. ಕಾಫಿ ಬರುತ್ತದೆ, ಮಳೆಬೆಳೆಯ ಪ್ರಸ್ತಾಪ ಬರುತ್ತದೆ. ಜಾತಕ ಮಾತ್ರ ಬಂದ ಚೀಲಕ್ಕೇ ಹಿಂದಿರುಗುತ್ತದೆ. ಆ ಹುಡುಗನು ನಿಲ್ಲುವುದು ಅದೇ ಯಂತ್ರದ ಮುಂದೆ, ಹತ್ತುವುದು ಅದೇ ಬಸ್ಸು, ಉಣ್ಣುವುದು ಅದೇ ಉಪಾಹಾರ ಗೃಹದಲ್ಲಿ. ಆದರೂ ಪಕ್ಕದಲ್ಲಿ ನಿಂತವನು ಕಾರ್ಖಾನೆಯವನು. ತಾನು ಯಾರವನೆಂಬುದು ಇವನಿಗೇ ಸರಿಯಾಗಿ ತಿಳಿಯದು. ಹೆಣ್ಣು ಹೆತ್ತವರನ್ನು ಇದಕ್ಕಾಗಿ ನಾನು ನಿಂದಿಸಲಾರೆ. ಅವರು ಅರ್ಥಶಾಸ್ತ್ರವನ್ನು ಓದಿದವರಲ್ಲದಿರಬಹುದು. ಆದರೆ ಇಂದಿನ ಉದ್ಯಮಪ್ರಪಂಚದ ಆರೋಗ್ಯವನ್ನು ಒಂದೇ ಪ್ರಶ್ನೆಯಿಂದ ಪರೀಕ್ಷಿಸಬಲ್ಲ ನಾಡಿವೈದ್ಯರು.

ತುಮಕೂರಿಗೆ ಈ ಪ್ರಶ್ನೆ ಹಳೆಯದಲ್ಲ. 1978ರಲ್ಲಿ ಎಚ್.ಎಂ.ಟಿ.ಯವರ ಕೈಗಡಿಯಾರದ ಕಾರ್ಖಾನೆ ಇಲ್ಲಿ ಆರಂಭವಾದ ಮೇಲೆ, "ಎಚ್.ಎಂ.ಟಿ.ಯಲ್ಲಿದ್ದಾನೆ" ಎಂದರೆ ಆ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗಿರಲಿಲ್ಲ. ದಿನಸಿ ಅಂಗಡಿಯವನು ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ, ಮನೆಯ ಮಾಲೀಕನು ಮುಂಗಡಕ್ಕೆ ಹಟ ಹಿಡಿಯುತ್ತಿರಲಿಲ್ಲ. ಆ ಕಾಲವನ್ನು ಸ್ವರ್ಗವೆಂದು ವರ್ಣಿಸುವ ಆಸೆ ನನಗಿಲ್ಲ. ಕಾಲವನ್ನು ತೋರಿಸುವ ವಸ್ತುವನ್ನು ತಯಾರಿಸುತ್ತಿದ್ದ ಸಂಸ್ಥೆಯೇ ಕಾಲ ಬದಲಾದುದನ್ನು ಸಕಾಲದಲ್ಲಿ ಗಮನಿಸಲಿಲ್ಲವೆಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ನಷ್ಟ ಬೆಳೆಯಿತು, 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು. ಇಲ್ಲಿನ ಜಾಗ ಇಸ್ರೊ ಸಂಸ್ಥೆಯ ಪಾಲಾಯಿತು. ಉಳಿದಿದ್ದ ನೌಕರರಿಗೆ 2007ರ ವೇತನಶ್ರೇಣಿಯನ್ನು ಆಧಾರವಾಗಿಟ್ಟುಕೊಂಡು ಸ್ವಯಂನಿವೃತ್ತಿಯ ಹಣವನ್ನು ಗೊತ್ತುಮಾಡಿದರು. ಅದು ಸಾಕಾಯಿತೆ, ಸಾಲದಾಯಿತೆ ಎಂಬುದು ಬೇರೆ ಚರ್ಚೆ. ಅಳಿಯುವ ಗಳಿಗೆಯಲ್ಲಿಯೂ ಆ ಸಂಸ್ಥೆಗೆ ತನ್ನ ನೌಕರರು ಯಾರು, ತಾನು ಯಾರಿಗೆ ಬಾಕಿ ಎಂಬುದು ಗೊತ್ತಿತ್ತು. ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಈಗ ನಮ್ಮ ಜಿಲ್ಲೆಗೆ ಹೊಸ ಉದ್ಯಮಗಳು ಬಂದಿವೆ. ವಸಂತನರಸಾಪುರದಲ್ಲಿ ಕಾರ್ಖಾನೆಗಳ ಸಾಲೇ ಎದ್ದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನವರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಬಂದದ್ದು ಒಳ್ಳೆಯದೇ. ಬಂದ ಉದ್ಯಮವು ಜನರನ್ನು ಯಾವ ಬಾಗಿಲಿನಿಂದ ಒಳಕ್ಕೆ ಕರೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ನೋಡಿಕೊಳ್ಳದಿದ್ದರೆ ಏನಾದೀತೆಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರದ ಕಥೆಯನ್ನು ನಾವು ಇಷ್ಟು ಬೇಗ ಮರೆಯಬಾರದಾಗಿತ್ತು.

2020ರ ಡಿಸೆಂಬರ್ 12ರ ಬೆಳಗ್ಗೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಅಲ್ಲಿ ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಎಂಬ ತೈವಾನಿನ ಕಂಪನಿಯ ಕಾರ್ಖಾನೆಯಲ್ಲಿ ಕೆಲಸಗಾರರು ರೊಚ್ಚಿಗೆದ್ದರು. ಗಾಜು ಒಡೆಯಿತು, ವಾಹನಗಳು ಮಗುಚಿದುವು, ಬೆಂಕಿ ಬಿತ್ತು, ಫೋನುಗಳೂ ಕಳುವಾದುವು. ಕಲ್ಲೆಸೆದವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಅನ್ನ ಕೊಡುವ ಜಾಗವನ್ನು ಒಡೆದವನು ನಾಳೆ ಎಲ್ಲಿ ಉಣ್ಣಬೇಕು? ಆದರೆ ಆ ವಾರ ನಾವೆಲ್ಲ ಏನನ್ನು ಎಣಿಸಿದೆವು ಎಂಬುದನ್ನು ನೆನೆದುಕೊಳ್ಳಬೇಕು. ನಷ್ಟ 437 ಕೋಟಿ ರೂಪಾಯಿ ಎಂದು ಪೊಲೀಸರಿಗೆ ಕೊಟ್ಟ ದೂರಿನಲ್ಲಿತ್ತು. ಆ ಅಂಕಿ ಊರೂರು ಸುತ್ತಿತು, ಕಟ್ಟೆಗಳ ಮೇಲೆ ಕುಳಿತವರು "ಇನ್ನು ನಮ್ಮ ರಾಜ್ಯಕ್ಕೆ ಯಾವನು ಬಂಡವಾಳ ಹಾಕಿಯಾನು?" ಎಂದು ತಲೆಯ ಮೇಲೆ ಕೈ ಹೊತ್ತರು. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ತಿಳಿಸಿದ ಲೆಕ್ಕ 26ರಿಂದ 52 ಕೋಟಿ. ಪೊಲೀಸರಿಗೆ ಒಂದು ಗಣಿತ, ಷೇರುದಾರರಿಗೆ ಇನ್ನೊಂದು ಗಣಿತ! ಕೆಲಸಗಾರನಿಗೆ ಬಾಕಿಯಿದ್ದ ಸಂಬಳವೆಷ್ಟು ಎಂಬ ಮೂರನೆಯ ಗಣಿತವನ್ನು ಮಾಡುವ ಆತುರ ಮಾತ್ರ ಯಾರಿಗೂ ಇರಲಿಲ್ಲ.

ಆಮೇಲೆ ಕಾರ್ಖಾನೆಗಳ ಇಲಾಖೆಯವರು ಹೋಗಿ ವಿಚಾರಣೆ ಮಾಡಿದಾಗ ಹೊರಬಿದ್ದ ಸಂಗತಿಗಳು ಬೇರೆಯೇ ಜಾತಿಯವು. ಅಲ್ಪಕಾಲದಲ್ಲಿ ಕೆಲಸಗಾರರ ಸಂಖ್ಯೆಯನ್ನು ಸುಮಾರು 10,500ಕ್ಕೆ ಏರಿಸಿದ್ದರು. ಅವರಲ್ಲಿ ಬಹುಪಾಲು ಜನ ಗುತ್ತಿಗೆಯ ಏಜೆನ್ಸಿಗಳ ಮೂಲಕ ಬಂದವರು. ಅಷ್ಟು ಜನರ ಕಷ್ಟಸುಖ ವಿಚಾರಿಸುವ ವ್ಯವಸ್ಥೆ ಮಾತ್ರ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ದಿನಕ್ಕೆ ಹನ್ನೆರಡು ಗಂಟೆಯ ಪಾಳಿ ಬಂತು, ಹಾಜರಿಯ ಲೆಕ್ಕ ಕೆಟ್ಟಿತು, ದುಡಿದ ದಿನಗಳಿಗೂ ಕೈಗೆ ಬಂದ ಹಣಕ್ಕೂ ತಾಳೆಯಾಗಲಿಲ್ಲ. ಹಾಜರಿ ತೆಗೆದುಕೊಳ್ಳುವವರೊಬ್ಬರು, ಹಣ ಹಾಕುವವರೊಬ್ಬರು. ಇಬ್ಬರ ನಡುವಣ ಸಂದಿನಲ್ಲಿ ಕೂಲಿ ಬಿದ್ದುಹೋಯಿತು. ಕಡೆಗೆ ಕಂಪನಿ ತಾನೇ, ಕೆಲವು ಕೆಲಸಗಾರರಿಗೆ ಸರಿಯಾಗಿ ಇಲ್ಲವೆ ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಹಿರಿಯ ಅಧಿಕಾರಿಯೊಬ್ಬರನ್ನು ಸ್ಥಾನದಿಂದ ತೆಗೆಯಿತು. ಡಿಸೆಂಬರ್ 19ರಂದು ಆಪಲ್ ಕಂಪನಿಯವರು, ತಪ್ಪು ತಿದ್ದಿಕೊಳ್ಳುವವರೆಗೆ ಇವರಿಗೆ ಹೊಸ ವ್ಯವಹಾರ ಕೊಡುವುದಿಲ್ಲವೆಂದರು. ಕ್ಯಾಲಿಫೋರ್ನಿಯದ ಗಿರಾಕಿ ಮುಖ ಸಿಂಡರಿಸಿದ ಮೇಲೆ ಕೋಲಾರದ ಹುಡುಗನ ಹಾಜರಿಪಟ್ಟಿ ನೇರವಾಗಬೇಕಾಯಿತು! ನಡುವೆ ನಮ್ಮವೇ ಕಚೇರಿಗಳು, ನಮ್ಮವೇ ಕಾನೂನುಗಳು ಇದ್ದುವಲ್ಲ, ಅವು ಏನು ಮಾಡುತ್ತಿದ್ದುವು? 2023ರಲ್ಲಿ ಆ ಕಾರ್ಖಾನೆಯನ್ನು ಕೊಳ್ಳಲು ಟಾಟಾ ಸಂಸ್ಥೆಯವರು ಒಪ್ಪಂದ ಮಾಡಿಕೊಂಡರು. ಹೆಸರುಹಲಗೆ ಬದಲಾಗಬಹುದು, ನನ್ನ ಪ್ರಶ್ನೆ ಹಲಗೆಯದಲ್ಲ.

ಕಾನೂನು ಇಲ್ಲದೆ ಹೀಗಾಯಿತೆಂದು ವಾಚಕರು ಭಾವಿಸಬಾರದು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಈ ವಿಷಯದಲ್ಲಿ ಬಹಳ ವಿವೇಕದಿಂದ ಮಾತಾಡಿತ್ತು. ಕೂಲಿ ಕೊಡತಕ್ಕವನು ಗುತ್ತಿಗೆದಾರ. ಕೊಡುವಾಗ ಕಾರ್ಖಾನೆಯ ಪ್ರತಿನಿಧಿಯೊಬ್ಬನು ಎದುರಿಗಿದ್ದು ನೋಡತಕ್ಕದ್ದು. ಗುತ್ತಿಗೆದಾರನು ಕೊಡದೆಹೋದರೆ, ಅಥವಾ ಕಡಮೆ ಕೊಟ್ಟರೆ, ಮೂಲ ಯಜಮಾನನೇ ಅದನ್ನು ತೆತ್ತು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳತಕ್ಕದ್ದು. ಎಂದರೆ, "ಅವರು ನಮ್ಮವರಲ್ಲ" ಎಂಬ ಮಾತನ್ನು ಸಂಬಳದ ಮಟ್ಟಿಗಾದರೂ ಕಾನೂನು ಅರ್ಧ ಶತಮಾನದ ಹಿಂದೆಯೇ ತಳ್ಳಿಹಾಕಿತ್ತು. ತಳ್ಳಿಹಾಕಿದ್ದು ಪುಸ್ತಕದಲ್ಲಿ, ಕಾರ್ಖಾನೆಯ ಬಾಗಿಲಲ್ಲಿ ಇಂದಿಗೂ ಅದೇ ಮಾತು ಚಲಾವಣೆಯಲ್ಲಿದೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಏಜೆನ್ಸಿಯೊಂದರ ಮೂಲಕ ಕೆಲಸಕ್ಕೆ ಹೋಗುತ್ತಾಳೆ. ಯಾವ ಏಜೆನ್ಸಿ, ಯಾವ ಕಾರ್ಖಾನೆ ಎಂಬುದು ಇಲ್ಲಿ ಬೇಡ. ನಸುಕಿನಲ್ಲಿ ಕುಣಿಗಲ್ ರಸ್ತೆಯ ಅಂಚಿಗೆ ಬಂದು ಬಸ್ಸಿಗೆ ಕಾಯುತ್ತಾಳೆ. ಒಂದು ಸಂಜೆ ಫೋನಿನಲ್ಲಿದ್ದ ಸಂಬಳದ ಚೀಟಿಯನ್ನು ನನ್ನ ಮುಂದೆ ಹಿಡಿದು, "ಮೇಷ್ಟ್ರೇ, ಇದರಲ್ಲಿ ನನ್ನ ಮೂರು ದಿನ ಎಲ್ಲಿ ಹೋದುವು, ಸ್ವಲ್ಪ ನೋಡಿ" ಎಂದಳು. ಬಸ್ಸಿನ ಹಣ, ಊಟದ ಹಣ, ಸಮವಸ್ತ್ರದ ಹಣ, ಎಲ್ಲ ಕಡಿತಗಳೂ ಅಚ್ಚುಕಟ್ಟಾಗಿ ತಮ್ಮ ತಮ್ಮ ಸಾಲಿನಲ್ಲಿದ್ದುವು. ಮೂರು ದಿನ ಮಾತ್ರ ಇರಲಿಲ್ಲ. ಮೇಲ್ವಿಚಾರಕನನ್ನು ಕೇಳಿದರೆ ಏಜೆನ್ಸಿಯನ್ನು ಕೇಳು ಎನ್ನುತ್ತಾನಂತೆ. ಏಜೆನ್ಸಿಯವರು ಕಾರ್ಖಾನೆಯಿಂದ ಬಂದ ಹಾಜರಿಯೇ ಇಷ್ಟು ಎನ್ನುತ್ತಾರಂತೆ. ಒಂದು ಅರ್ಜಿ ಬರೆದುಕೊಡಲೇ ಎಂದೆ. "ಬೇಡಿ ಮೇಷ್ಟ್ರೇ, ಮೂರು ದಿನ ಕೇಳೋಕೆ ಹೋದ್ರೆ ಮೂವತ್ತು ದಿನಾನೂ ಹೋಗತ್ತೆ" ಎಂದು ನಕ್ಕಳು. ಆ ನಗೆ ನನಗೆ ಹಿಡಿಸಲಿಲ್ಲ. ಇಪ್ಪತ್ತೆರಡು ವರ್ಷದ ಮಗುವಿಗೆ ಇಷ್ಟು ಲೋಕಾನುಭವ ಬಂದಿರಬಾರದು.

ಹೀಗೆ ನಕ್ಕು ಸುಮ್ಮನಾಗುವವರೇ ಒಂದು ದಿನ ಸುಮ್ಮನಾಗದೆ ಇರುವುದೂ ಉಂಟು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಗಟ್ಟಲೆಯಾಗಿ ರಸ್ತೆಗಿಳಿದುದು ಭವಿಷ್ಯನಿಧಿಯ ಹಣಕ್ಕಾಗಿ. ಯಜಮಾನನ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮಗಳ ಮದುವೆಗೋ, ಊರಿನ ಸಾಲಕ್ಕೋ ಅವರು ನೆಚ್ಚಿಕೊಂಡಿದ್ದ ಹಣ ಅದೊಂದೇ. ಎರಡೇ ದಿನದಲ್ಲಿ ನಿಯಮ ಹಿಂದಕ್ಕೆ ಹೋಯಿತು. ಆ ಎರಡು ದಿನ ನಗರದ ಸಜ್ಜನರ ಬಾಯಲ್ಲಿ ಹೆಚ್ಚಾಗಿ ಕೇಳಿಬಂದುದು, ರಸ್ತೆಯಲ್ಲಿ ವಾಹನಗಳು ನಿಂತುವೆಂಬ ದೂರು.

ಈ ನಡುವೆ ದೊಡ್ಡವರು ದುಡಿಮೆಯ ಉಪದೇಶಕ್ಕೆ ತೊಡಗಿದ್ದಾರೆ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಗಳು, ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆಯೆಂದು ಗೊತ್ತುಮಾಡಿ, ಅದಕ್ಕೆ ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯೆಂದಿತು. ಉಪದೇಶಕರು ಗಂಟೆಗಳ ಲೆಕ್ಕವನ್ನು ಹೇಳಿದಷ್ಟು ಉತ್ಸಾಹದಿಂದ ಆ ಇಮ್ಮಡಿಯ ಲೆಕ್ಕವನ್ನು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಶಾಸನಸಭೆಯೂ ಹಿಂದೆ ಬೀಳಲಿಲ್ಲ. ನರಸಾಪುರದಲ್ಲಿ ದೋಷವೆನಿಸಿದ ಹನ್ನೆರಡು ಗಂಟೆಯ ದಿನಕ್ಕೆ 2023ರ ಫೆಬ್ರವರಿಯ ತಿದ್ದುಪಡಿ ಅವಕಾಶ ಮಾಡಿಕೊಟ್ಟಿತು. ವಾರದ 48 ಗಂಟೆಯ ಮಿತಿ ಉಳಿದಿದೆ, ಕೆಲಸಗಾರನ ಲಿಖಿತ ಒಪ್ಪಿಗೆ ಬೇಕು ಎಂಬುದನ್ನೂ ಹೇಳಬೇಕು. ನ್ಯಾಯವೆಂದರೆ ಎರಡು ಕಡೆಯದನ್ನೂ ಹೇಳುವುದು. ಆದರೆ ಮೂರು ದಿನದ ಕೂಲಿಯನ್ನು ಕೇಳಲು ಹೆದರುವವಳು ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವುದಿಲ್ಲವೆಂದು ಹೇಳಿಯಾಳೆ?

ಇಂಥ ಉಪದೇಶಗಳ ಕೊನೆಯಲ್ಲಿ 'ಕಾಯಕವೇ ಕೈಲಾಸ' ಎಂಬ ಮಾತು ತಪ್ಪದೆ ಬರುತ್ತದೆ. ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದ ಊರಿನವನಾಗಿ ನನಗೆ ಇದು ಸಂಕಟದ ವಿಷಯ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಕಾಯಕದ ಜೊತೆಗೆ ದಾಸೋಹವೂ ಉಂಟು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಗಂಡ ಮಾರಯ್ಯನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿದವಳು ಆಕೆ. ಆ ಕಥೆಯನ್ನು ನಾವು ಬಡವನಿಗೆ ಹೇಳಿ ಬಡವನನ್ನೇ ತೃಪ್ತನಾಗಿರು ಎನ್ನುತ್ತೇವೆ. ತನ್ನದಲ್ಲದ್ದು ಮನೆಗೆ ಬಂದಾಗ ಹಿಂದಕ್ಕೆ ಕೊಡು ಎಂಬ ಆಕೆಯ ಆಜ್ಞೆ ಲೆಕ್ಕಪತ್ರದಲ್ಲಿ ಮೂರು ದಿನ ಉಳಿಸಿಕೊಂಡವನಿಗೂ ಅನ್ವಯಿಸುತ್ತದೆಂದು ಯಾರೂ ಹೇಳುವುದಿಲ್ಲ.

ಕಂಪನಿಗಳನ್ನೇ ಏಕೆ ದೂರಬೇಕು? ಗುತ್ತಿಗೆಯ ಈ ಪರದೆ ಸರ್ಕಾರಕ್ಕೂ ನಮಗೂ ಬಹಳ ಅನುಕೂಲವಾಗಿ ಒದಗಿದೆ. ಬೆಳಗ್ಗೆ ಬೀದಿ ಗುಡಿಸುವವರು 2022ರ ಜುಲೈಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಅವರು ಕೇಳಿದ್ದು, ನಮ್ಮನ್ನು ನಿಮ್ಮವರೆಂದು ಒಪ್ಪಿಕೊಳ್ಳಿ, ಕೆಲಸವನ್ನು ಕಾಯಂ ಮಾಡಿ ಎಂದು. ಆಸ್ಪತ್ರೆಯ ಬಾಗಿಲು ಕಾಯುವವನು, ಬ್ಯಾಂಕಿನ ಹಣದ ಪೆಟ್ಟಿಗೆಗೆ ಕಾವಲು ನಿಲ್ಲುವವನು, ಸರ್ಕಾರಿ ಕಚೇರಿಯಲ್ಲಿ ನಮ್ಮ ಅರ್ಜಿಯನ್ನು ಗಣಕಯಂತ್ರಕ್ಕೆ ಏರಿಸುವವಳು, ಇವರಲ್ಲಿ ಎಷ್ಟು ಮಂದಿ ಆ ಸಂಸ್ಥೆಯವರೆಂದು ಕೇಳಿನೋಡಿ. ನಾವು ಕೇಳುವುದಿಲ್ಲ. ಕೇಳಿದರೆ ಉತ್ತರಕ್ಕೆ ನಾವೂ ಹೊಣೆಯಾಗಬೇಕಾದೀತು ಎಂಬ ಅಳುಕು ಒಳಗೆಲ್ಲೋ ಇರಬೇಕು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕೆಂಬುದು ಅವುಗಳಲ್ಲಿದೆ. ಗುತ್ತಿಗೆದಾರ ಕೊಡದಿದ್ದರೆ ಮೂಲ ಯಜಮಾನನೇ ಕೊಡಬೇಕೆಂಬ ಹಳೆಯ ತತ್ತ್ವವೂ ಉಳಿದಿದೆ. ಆದರೆ 1970ರ ಕಾಯಿದೆಯಲ್ಲಿ 20 ಜನರಿದ್ದರೆ ಅನ್ವಯವಾಗುತ್ತಿದ್ದ ಗುತ್ತಿಗೆಯ ನಿಯಮಗಳು ಈಗ 50 ಜನರಿದ್ದರೆ ಮಾತ್ರ ಅನ್ವಯವಾಗುತ್ತವೆ. ನಡುವಣ ಸಣ್ಣ ಗುತ್ತಿಗೆದಾರರ ಕೈಕೆಳಗಿನವರು ಆ ಆಶ್ರಯದಿಂದ ಹೊರಗಾದರು. ತುಮಕೂರಿನಂಥ ಊರಿನಲ್ಲಿ ಇಂಥ ಸಣ್ಣ ಗುತ್ತಿಗೆದಾರರೇ ಹೆಚ್ಚು. ನಮ್ಮ ಪ್ರತಿನಿಧಿಗಳು ಉದ್ಘಾಟನೆಗಳ ನಡುವೆ ಬಿಡುವು ಮಾಡಿಕೊಂಡು ಇದನ್ನೊಮ್ಮೆ ಸಭೆಯಲ್ಲಿ ಎತ್ತಿದರೆ ಮತ ಕೊಟ್ಟವರಿಗೆ ಉಪಕಾರವಾದೀತು.

ಇನ್ನೊಂದು ಸಣ್ಣ ಕೆಲಸ ಉಂಟು. ಅದಕ್ಕೆ ಶಾಸನಸಭೆಯೂ ಬೇಡ. ಎಷ್ಟೋ ಕಾರ್ಖಾನೆಗಳ ಬಾಗಿಲಲ್ಲಿ, ಅಪಘಾತವಿಲ್ಲದೆ ಕಳೆದ ದಿನಗಳು ಇಷ್ಟೆಂದು ಬರೆದ ಹಲಗೆಯೊಂದಿರುತ್ತದೆ. ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗವಿದೆ: ಒಳಗೆ ಗುತ್ತಿಗೆಯ ಮೇಲೆ ದುಡಿಯುತ್ತಿರುವವರು ಎಷ್ಟು ಮಂದಿ, ಕಳೆದ ತಿಂಗಳ ಕೂಲಿ ಅವರಿಗೆ ಸಂದದ್ದು ಯಾವ ತಾರೀಖು. ಬಣ್ಣದ ಖರ್ಚು ದೊಡ್ಡದಾಗದು. ಜಿಲ್ಲೆಯ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಮೊದಲು ತಮ್ಮ ಕಚೇರಿಯ ಬಾಗಿಲಲ್ಲಿಯೇ ಇಂಥದೊಂದನ್ನು ತೂಗುಹಾಕಿ ದಾರಿ ತೋರಿಸಬಹುದು. ನಮ್ಮ ಬೀದಿಯ ಹುಡುಗಿಯ ಮೂರು ದಿನದ ಕೂಲಿ ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಬಂದಿಲ್ಲ.