ಪಿಜಿಯಲ್ಲಿರೋರು ಯಾವ ವಾಳೆ?

ಬೆಂಗಳೂರಲ್ಲಿ ಕೆಲಸ ಮಾಡೋ ಕರಾವಳಿಯ ಕ್ಯಾಥೊಲಿಕ್ ಹುಡುಗ ಹುಡುಗಿಯರನ್ನು ‘ನಿಮ್ಮ ಚರ್ಚ್ ಯಾವುದು?’ ಅಂತ ಕೇಳಿ ನೋಡಿ. ಥಟ್ಟನೆ ಊರಿನ ಚರ್ಚಿನ ಹೆಸರು ಹೇಳ್ತಾರೆ. ‘ಅದಲ್ಲ, ಇಲ್ಲಿ?’ ಅಂದರೆ ತಡವರಿಸ್ತಾರೆ. ಒಂದು ವಾರ ಹತ್ತಿರದ ಚರ್ಚಲ್ಲಿ ಇಂಗ್ಲಿಷ್ ಪೂಜೆ, ಇನ್ನೊಂದು ವಾರ ಗೆಳೆಯರ ಜೊತೆ ಬೇರೆಲ್ಲೋ, ರಾತ್ರಿ ಶಿಫ್ಟ್ ಇದ್ದರೆ ಯೂಟ್ಯೂಬ್.

ಯೂಟ್ಯೂಬ್ ಅಂದ ಕೂಡಲೇ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ನನಗೇನೂ ಫೋನಿನ ಮೇಲೆ ಅಷ್ಟು ಸಿಟ್ಟಿಲ್ಲ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಖಾಲಿ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದ್ದನ್ನು ಲೋಕ ನೋಡಿದ್ದು ಪರದೆಯಲ್ಲೇ. 2025ರಲ್ಲಿ ಸಂತ ಪದವಿಗೇರಿದ ಕಾರ್ಲೊ ಅಕುಟಿಸ್, ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿ 15ನೇ ವಯಸ್ಸಿಗೇ ತೀರಿಕೊಂಡ ಹುಡುಗ. ಆದರೆ ಅವನೂ ದಿನಾ ಪೂಜೆಗೆ ಹೋಗ್ತಿದ್ದ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಅಂತ ವ್ಯಾಟಿಕನ್ 2002ರಲ್ಲೇ ಹೇಳಿಯಾಗಿದೆ.

ನಿಜವಾದ ತೊಡಕು ಫೋನಲ್ಲ, ಬಾಡಿಗೆ ಮನೆ. ನಮ್ಮ ಚರ್ಚುಗಳು ನಡೆಯೋದು ಮನೆಗಳ ಲೆಕ್ಕದಲ್ಲಿ. ಮಂಗಳೂರು, ಉಡುಪಿ ಕಡೆ ಪ್ರತಿ ಚರ್ಚಿನ ಕುಟುಂಬಗಳನ್ನು ವಾಳೆಗಳಾಗಿ ಹಂಚಿರುತ್ತಾರೆ. ವಾಳೆಗೊಬ್ಬ ಗುರ್ಕಾರ್. ಯಾರ ಮನೇಲಿ ಕಾಯಿಲೆ, ಯಾರಿಗೆ ಮಗು ಹುಟ್ಟಿತು, ಯಾರು ಕಷ್ಟದಲ್ಲಿದ್ದಾರೆ, ಅವರಿಗೆ ಗೊತ್ತು. (ಕೆಲವೊಮ್ಮೆ ಬೇಡದ್ದೂ ಗೊತ್ತಿರುತ್ತೆ, ಆ ಮಾತು ಇರಲಿ.) ಹನ್ನೊಂದು ತಿಂಗಳ ಕರಾರಿನಲ್ಲಿ ಬದುಕೋರು, ಪಿಜಿಯಲ್ಲಿ ಮೂವರ ಜೊತೆ ರೂಮು ಹಂಚಿಕೊಂಡೋರು ಯಾವ ವಾಳೆ? ಕುಟುಂಬದ ಯಜಮಾನರ ಹೆಸರಿಂದ ಶುರುವಾಗೋ ಪಟ್ಟಿಯಲ್ಲಿ ಒಂಟಿಯಾಗಿ ಬಂದವರನ್ನು ಎಲ್ಲಿ ಬರೆಯೋದು?

ಇದರ ಬಿಸಿ ತಟ್ಟೋದು ಮದುವೆ ಗೊತ್ತಾದಾಗ. ಜ್ಞಾನಸ್ನಾನದ ಪತ್ರ ಊರಿಂದ ಬರುತ್ತೆ, ಸರಿ. ಇವರಿಗೆ ಬೇರೆ ಮದುವೆಯಾಗಿಲ್ಲ ಅನ್ನೋ ಪತ್ರವನ್ನು, ಐದು ವರ್ಷದಲ್ಲಿ ಒಮ್ಮೆಯೂ ನಿಮ್ಮನ್ನು ಮಾತಾಡಿಸಿರದ ಫಾದರ್ ಯಾವ ಧೈರ್ಯದ ಮೇಲೆ ಬರೆದುಕೊಡಬೇಕು? ಪತ್ರವಾದರೂ ಓಡಾಡಿ ತರಬಹುದು. ಡೆಂಗಿ ಬಂದು ಆಸ್ಪತ್ರೆಯಲ್ಲಿ ಮಲಗಿದಾಗ, ನೋಡಿಕೊಂಡು ಬರೋಣ ಅಂತ ಹೊರಡೋಕೆ ಆ ಚರ್ಚಿನಲ್ಲಿ ಯಾರಿಗೆ ನಿಮ್ಮ ಹೆಸರು ಗೊತ್ತು?

ದೂರ ಹೋದವರನ್ನು ಲೆಕ್ಕಕ್ಕೆ ಹಿಡಿಯೋದು ನಮಗೆ ಹೊಸದೇನಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನೋಡಿ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಹಾಕ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತೆ, ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ತಾರೆ. ಪರದೇಶದಲ್ಲಿರೋ ಮಕ್ಕಳಿಗೆ ಆ ಕಾಳನ್ನು ಅಂಚೆಯಲ್ಲಿ ಕಳಿಸೋ ರೂಢಿಯೂ ಇದೆ.

ನಗರದ ಚರ್ಚುಗಳಿಗೆ ನನ್ನದೊಂದು ಕೋರಿಕೆ. ಕಾಣಿಕೆಗೆ ಕ್ಯೂಆರ್ ಕೋಡ್ ಹಚ್ಚೋರು ಅದರ ಪಕ್ಕ ಹೆಸರು ಬರೆಸೋಕೂ ಒಂದು ಹಚ್ಚಿ. ಹೆಸರು, ಫೋನ್ ನಂಬರ್, ಹುಷಾರಿಲ್ಲದಾಗ ಯಾರಿಗೆ ತಿಳಿಸಬೇಕು, ಇಷ್ಟು ಸಾಕು. ‘ಕುಟುಂಬದ ಯಜಮಾನ’ ಅನ್ನೋ ಸಾಲು ಬೇಡ.

ನೀವೂ ಅಷ್ಟೇ. ಪಿಜಿ ಬದಲಾದ ದಿನವೇ ಸ್ವಿಗ್ಗಿಯಲ್ಲಿ ವಿಳಾಸ ಬದಲಿಸ್ತೀರಿ. ಭಾನುವಾರ ಪೂಜೆ ಮುಗಿದ ಮೇಲೆ ಐದು ನಿಮಿಷ ನಿಂತು, ಚರ್ಚ್ ಆಫೀಸಿನಲ್ಲೂ ಅದನ್ನು ಬರೆಸಿ ಬನ್ನಿ.